ನೈಸರ್ಗಿಕವಾದುದೆಲ್ಲ ಅಹಿಂಸಕವೇ?

ದೀರ್ಘವ್ಯಾಧಿಯಿಂದ ಎದ್ದವರಿಗೆ ತಮ್ಮ ಮನೆಯೇ ಹೊಸದಾಗಿ ಕಾಣುತ್ತದೆ. ಮಿರಜದಲ್ಲೋ ಬೆಳಗಾವಿಯಲ್ಲೋ ಅರ್ಬುದರೋಗಕ್ಕೆ ಚಿಕಿತ್ಸೆ ಪಡೆದು ಅಥಣಿ, ಕಾಗವಾಡ ಅಥವಾ ರಾಯಬಾಗದ ತನ್ನ ಮನೆಗೆ ಮರಳಿದ ಶ್ರಾವಿಕೆಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ವಿಕಿರಣ ಚಿಕಿತ್ಸೆಯಿಂದ ಆಕೆಯ ಚರ್ಮ ಉರಿಯುತ್ತಿದೆ. ಹಿಂದೆ ಹಿತವೆನಿಸಿದ್ದ ಸಾಬೂನಿನ ಪರಿಮಳ ಈಗ ವಾಕರಿಕೆ ತರುತ್ತಿದೆ. ಬಚ್ಚಲಿನ ಬಾಟಲಿಗಳು ಹೊರಹೋಗಿ ಕಡಲೆಹಿಟ್ಟು, ಸೀಗೆಕಾಯಿ, ಅಂಟುವಾಳ, ಕೊಬ್ಬರಿ ಎಣ್ಣೆಗಳು ಒಳಬರುತ್ತವೆ. ಇಂಥ ಬದಲಾವಣೆ ಸಹಜವೇ ಸರಿ. ಆದರೆ ಅದರೊಡನೆ ಒಂದು ನಂಬಿಕೆಯೂ ಮನೆಯೊಳಗೆ ಬರುತ್ತದೆ: ನೈಸರ್ಗಿಕವಾದುದು ನಿರಪಾಯ, ಆದ್ದರಿಂದಲೇ ಅಹಿಂಸಕ. ಇದು ವಿಚಾರಾರ್ಹವಾದ ಮಾತು.

ತಂಬಾಕು ಸಹ ನಿಸರ್ಗದ ಗಿಡವೇ. ನಿಪ್ಪಾಣಿ, ಚಿಕ್ಕೋಡಿಗಳ ಹೊಲಗಳಲ್ಲಿ ಬೆಳೆಯುವ ಆ ಎಲೆಯ ನಿಕೋಟಿನ್, ಒದ್ದೆ ಎಲೆ ಮುಟ್ಟಿದವರ ಚರ್ಮದ ಮೂಲಕವೇ ದೇಹವನ್ನು ಸೇರಿ ತಲೆಸುತ್ತು, ವಾಂತಿಗಳನ್ನು ತರಬಲ್ಲದು. ಜೇನು, ಜೇನುಮೇಣ, ಅರಗು, ರೇಷ್ಮೆಗಳೂ ನೈಸರ್ಗಿಕವೇ. ಆದರೂ ಜೇನನ್ನು ಶ್ರಾವಕಾಚಾರ ವರ್ಜಿಸಿದೆ. ಅಂಟುವಾಳದ ನೊರೆಯಲ್ಲಿರುವ ಸ್ಯಾಪೋನಿನ್ ಕೂಡ ಮೀನುಗಳಿಗೆ ವಿಷ. ಸ್ನಾನದ ಅಲ್ಪ ಪ್ರಮಾಣದಲ್ಲಿ ಅದು ದೊಡ್ಡ ಕೇಡನ್ನುಂಟುಮಾಡದಿರಬಹುದು. ಆದರೆ ಸಣ್ಣ ಕೆರೆಯಲ್ಲಿ ಅದನ್ನು ಹೇರಳವಾಗಿ ಕದಡಿದರೆ ನಿರಪಾಯವೆನ್ನಲಾಗದು.

ಇತ್ತ ಕಾರ್ಖಾನೆಯ ವಸ್ತುವೆಲ್ಲವೂ ಸಮಾನವಾಗಿ ದೋಷಯುಕ್ತವೂ ಅಲ್ಲ. 1983ರಲ್ಲಿ ವನಸ್ಪತಿಯಲ್ಲಿ ದನದ ಕೊಬ್ಬು ಬೆರೆತಿದೆಯೆಂಬ ಸುದ್ದಿ ದೇಶವನ್ನೇ ಕಲಕಿತ್ತು. ಸಾಬೂನಿನ ತಯಾರಿಕೆಯಲ್ಲೂ ಪ್ರಾಣಿಗಳ ಕೊಬ್ಬು ಬಳಕೆಯಾಗುವುದುಂಟು. ಆದರೆ ಸಸ್ಯತೈಲದಿಂದಲೇ ಮಾಡಿದ ಸಾಬೂನೂ ಉಂಟು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ಭಾರತ ಸರ್ಕಾರ 2014ರಲ್ಲಿ ನಿಷೇಧಿಸಿತು. ಆದ್ದರಿಂದ ನೈಸರ್ಗಿಕವೋ ಕೃತಕವೋ ಎಂಬುದಕ್ಕಿಂತ, ಈ ವಸ್ತುವಿಗಾಗಿ ಯಾವ ಜೀವ ನೊಂದಿತು ಎಂಬುದೇ ಸರಿಯಾದ ಪ್ರಶ್ನೆ.

ಪ್ರಮಾದವೇ ಹಿಂಸೆಯ ಬೇರು ಎಂದು ಜೈನದರ್ಶನ ಹೇಳುತ್ತದೆ. ಎಚ್ಚರ ತಪ್ಪಿದ ಮನಸ್ಸಿನಿಂದ ನಡೆಯುವ ಪ್ರಾಣಪೀಡೆಯೇ ಹಿಂಸೆ. ರೋಗ ಈ ಎಚ್ಚರವನ್ನು ಬಲವಂತವಾಗಿ ಕಲಿಸುತ್ತದೆ. ಆದರೆ ಆ ಎಚ್ಚರ ತನ್ನ ಚರ್ಮದ ಎಲ್ಲೆಯಲ್ಲೇ ನಿಂತರೆ ಅದು ಭಯವಷ್ಟೆ, ವ್ರತವಲ್ಲ. ನಮ್ಮ ಶ್ರಾವಿಕೆಯ ಮನೆಯ ಜೀವನ ತಂಬಾಕಿನ ಮೇಲೆಯೇ ನಡೆಯುತ್ತಿದ್ದರೆ? ಬಚ್ಚಲಿನಲ್ಲಿ ಕಡಲೆಹಿಟ್ಟು; ಹಿತ್ತಲಿನ ಗೋದಾಮಿನಲ್ಲಿ ತಂಬಾಕು ಕುಟ್ಟಿ ಜರಡಿ ಹಿಡಿಯುವ ಕೂಲಿ ಹೆಣ್ಣುಮಗಳ ಮೂಗಿಗೆ ಧೂಳು. ಒಬ್ಬಳ ದೇಹಕ್ಕೆ ಸುವಾಸನೆಯೂ ಸಲ್ಲದು, ಇನ್ನೊಬ್ಬಳ ದೇಹಕ್ಕೆ ವಿಷವೂ ಸಲ್ಲುವುದು ಎಂಬ ನ್ಯಾಯ ಅಹಿಂಸೆಯದಲ್ಲ.

ಇದಕ್ಕೆ ಎದುರುತ್ತರವೂ ಉಂಟು. ಮಳೆಯನ್ನೇ ನಂಬಿದ ಹೊಲಗಳಿಗೆ ತಂಬಾಕು ಅನೇಕ ವರ್ಷ ನಗದು ತಂದುಕೊಟ್ಟಿದೆ. 1981ರಲ್ಲಿ ನ್ಯಾಯವಾದ ಬೆಲೆಗಾಗಿ ನಿಪ್ಪಾಣಿಯ ರೈತರು ಬೀದಿಗಿಳಿದಾಗ, ಅವರ ಹೊಟ್ಟೆಯ ಪ್ರಶ್ನೆಯೂ ಧರ್ಮದ ಪ್ರಶ್ನೆಯೇ ಆಗಿತ್ತು. ಗೃಹಸ್ಥನಿಗೆ ಉದ್ಯೋಗಿ ಹಿಂಸೆ ಪೂರ್ತಿಯಾಗಿ ತಪ್ಪದೆಂದು ಶಾಸ್ತ್ರ ಒಪ್ಪುತ್ತದೆ. ಆದರೆ ತಪ್ಪದು ಎಂಬುದು ಎಣಿಸಬೇಡ ಎಂಬ ಅರ್ಥವನ್ನು ಕೊಡುವುದಿಲ್ಲ. ಕೂಲಿಯವರ ಮೂಗು ಬಾಯಿಗೆ ಬಟ್ಟೆ, ಕೈಗೆ ಚೀಲ, ಕೆಲಸದ ಕೊಠಡಿಗೆ ಗಾಳಿ, ವರ್ಷಕ್ಕೆ ಒಂದಿಷ್ಟು ಹೊಲ ಬೇರೆ ಬೆಳೆಗೆ: ಇವು ಇಂದೇ ಆರಂಭಿಸಬಹುದಾದವು.

ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1946ರಲ್ಲಿ ಜನಿಸಿ 2024ರಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಆಚಾರ್ಯ ವಿದ್ಯಾಸಾಗರರು ಆ ಮಾರ್ಗದಲ್ಲಿ ನಡೆದವರು. ಗೃಹಸ್ಥನಿಗೆ ಆ ತ್ಯಾಗ ಸಾಧ್ಯವಿಲ್ಲ. ಅವನಿಗೆ ಹೇಳಿರುವುದು ಭೋಗೋಪಭೋಗ ಪರಿಮಾಣ. ಸಾಬೂನಿನ ಜಾಗದಲ್ಲಿ ದುಬಾರಿ ಬೆಲೆಯ ಹತ್ತು ‘ನೈಸರ್ಗಿಕ’ ಡಬ್ಬಿಗಳು ಬಂದರೆ ಪರಿಮಾಣ ಕುಗ್ಗಲಿಲ್ಲ, ಹೆಸರು ಬದಲಾಯಿತಷ್ಟೆ.

ಆ ಶ್ರಾವಿಕೆ ವೈದ್ಯರ ಔಷಧವನ್ನು ಬಿಡಬೇಕಿಲ್ಲ. ಉರಿಯುವ ಚರ್ಮಕ್ಕೆ ಏನು ಹಚ್ಚಬೇಕೆಂಬುದನ್ನೂ ಅವರನ್ನೇ ಕೇಳುವುದು ಲೇಸು. ಕಡಲೆಹಿಟ್ಟು ರೋಗವನ್ನು ಗುಣಪಡಿಸದು. ಆದರೆ ತನ್ನ ಚರ್ಮದ ಉರಿಯನ್ನು ಬಲ್ಲ ಆಕೆ, ಸಂಜೆ ಗೋದಾಮಿನಿಂದ ಹೊರಬರುವ ಕೂಲಿಯವಳನ್ನು ಕರೆದು, “ನಿನ್ನ ಕೈ ಉರೀತದೇನವ್ವಾ?” ಎಂದು ಕೇಳಿದರೆ, ವ್ರತ ಅಲ್ಲಿಂದ ಆರಂಭವಾಗುತ್ತದೆ.