ತಿಳಿದು ಕೊಡ್ರಿ

ಶ್ರಾವಣಕ್ಕೆ ಇನ್ನು ಹದಿನೈದು ದಿನ ಎನ್ನುವಾಗ ಗದಗ ತಾಲೂಕಿನ ಅಸುಂಡಿಯಂಥ ಊರುಗಳಲ್ಲಿ ಭಜನಿ ಮಂಡಳಿಯವರಿಗೆ ಪೇಟಿಯ, ಅಂದರೆ ಹಾರ್ಮೋನಿಯಂನ, ನೆನಪಾಗುತ್ತದೆ. ಗುಡಿಯ ಮೂಲೆಯಿಂದ ಅದನ್ನು ಎತ್ತಿ ತಂದು, ಮೇಲಿನ ಅರಿವೆ ಸರಿಸಿ ತಿದಿ ಒತ್ತಿದರೆ ಬೆರಳಿಡುವ ಮನೆಗಳಲ್ಲಿ ಎರಡು ಮೂಕ. ಒಂದು ಮನೆ ಬೆರಳಿಡದಿದ್ದರೂ ಕೂಗುತ್ತಿರುತ್ತದೆ. ಉಳಿದವು ಒಂದರ ಮುಖ ಒಂದು ನೋಡುವುದಿಲ್ಲ. ಟ್ಯೂನಿಂಗ್ ಮಾಡಿಸಲೇಬೇಕು. ರಿಪೇರಿಯವರನ್ನು ಊರಿಗೆ ಕರೆಸುತ್ತಾರೆ, ಇಲ್ಲವೇ ಪೇಟಿಯನ್ನೇ ಬಸ್ಸಿಗೆ ಹಾಕಿಕೊಂಡು ಗದಗಿಗೆ ಹೋಗುತ್ತಾರೆ. ಕೆಲಸ ಮುಗಿದ ಮೇಲೆ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ.

“ಎಷ್ಟ್ ಕೊಡಬೇಕ್ರೀ ಮಾಸ್ತರ?”

“ದೇವರ ಕೆಲಸ, ನಾ ಏನ್ ಹೇಳ್ಲಿರೀ. ನೀವ ತಿಳದು ಕೊಡ್ರಿ.”

“ಹಂಗಂದ್ರ ಹ್ಯಾಂಗ್ರೀ? ಒಂದ್ ಮಾತ್ ಹೇಳಿಬಿಡ್ರಿ.”

“ಹೋದ ಸಲ ಕೊಟ್ಟದ್ದ ಐತೆಲ್ಲ, ಅದರ ಮ್ಯಾಲ ಏನರ ಸೇರಸ್ರಿ.”

ಹೋದ ಸಲ ಎಂದರೆ ಎಷ್ಟೋ ವರ್ಷದ ಹಿಂದೆ. ಆಗ ಕೊಟ್ಟದ್ದೆಷ್ಟು ಎನ್ನುವುದು ಕೊಟ್ಟವರಿಗೂ ನೆನಪಿಲ್ಲ, ಇಸಿದುಕೊಂಡವರಿಗೂ ನೆನಪಿಲ್ಲ. ಕೊನೆಗೆ ಯಾರೋ ಹಿರಿಯರು ಜೇಬಿಗೆ ಕೈಹಾಕಿ ಒಂದಿಷ್ಟು ನೋಟು ತೆಗೆಯುತ್ತಾರೆ, ಮಾಸ್ತರರು ಎಣಿಸದೆ ಕಿಸೆಗೆ ಹಾಕಿಕೊಳ್ಳುತ್ತಾರೆ. ನೋಡಲು ಬಹಳ ಮರ್ಯಾದೆಯ ವ್ಯವಹಾರ. ಆದರೆ ತಿಳಿದು ಕೊಡುವುದಕ್ಕೆ ಕೊಡುವವನಿಗೆ ಏನಾದರೂ ತಿಳಿದಿರಬೇಕಲ್ಲ? ಪೇಟಿಯ ಹಲಗೆ ಮುಚ್ಚಿದ ಮೇಲೆ ಒಳಗೆ ಏನಾಯಿತೆಂದು ಮಂಡಳಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ನಾವು ಕೊಡುವುದು ಯಾವಾಗಲೂ ಕಡಿಮೆಯೇ, ಮತ್ತು ಈ ಕೆಲಸದಲ್ಲಿ ಹಾಗೆ ಉಳಿಸಿದ ದುಡ್ಡಿಗೆ ಪೇಟಿ ದಂಡ ತೆರುತ್ತದೆ.

ಪಿಯಾನೋ ಇರುವ ಕಡೆ ಈ ಮುಜುಗರವಿಲ್ಲ. ಅಮೆರಿಕದಲ್ಲಿ ಟ್ಯೂನ್ ಮಾಡುವವನು ಫೋನಿನಲ್ಲೇ ದರ ಹೇಳುತ್ತಾನೆ. ಸಾಮಾನ್ಯವಾಗಿ ನೂರರಿಂದ ಇನ್ನೂರು ಡಾಲರಿನ ಆಚೀಚೆ. ಎಂಬತ್ತೆಂಟು ಮನೆ, ಸುಮಾರು 230 ತಂತಿ, ಎಲ್ಲ ತಂತಿಗಳ ಎಳೆತ ಸೇರಿದರೆ ಹದಿನೆಂಟು-ಇಪ್ಪತ್ತು ಟನ್ನು. ಇಷ್ಟನ್ನೂ ಒಂದೂವರೆ, ಎರಡು ತಾಸಿನಲ್ಲಿ ಹದಕ್ಕೆ ತರುತ್ತಾನೆ. ವರ್ಷಗಟ್ಟಲೆ ಮುಟ್ಟದ ಪಿಯಾನೋ ಆದರೆ ಸ್ವರ ಪೂರಾ ಇಳಿದಿರುತ್ತದೆ. ಒಂದು ಸಲ ಎಲ್ಲ ತಂತಿ ಬಿಗಿದು, ಆ ಬಿಗಿತಕ್ಕೆ ಮೊದಲು ಕೂಡಿಸಿದ್ದು ಮತ್ತೆ ಸಡಿಲಾಗುವುದರಿಂದ, ಎರಡನೇ ಸಲ ಕೂಡಿಸಬೇಕು. ಅದಕ್ಕೆ ಬೇರೆ ದುಡ್ಡು, ಅದನ್ನೂ ಮೊದಲೇ ಹೇಳಿರುತ್ತಾನೆ. ನಮ್ಮ ಕಡೆ ಯಾರ ಮನೆಯಲ್ಲಾದರೂ ಪಿಯಾನೋ ಇದ್ದರೆ ಟ್ಯೂನ್ ಮಾಡುವವರು ಬೆಂಗಳೂರಿನಿಂದಲೋ ಗೋವೆಯಿಂದಲೋ ಬರಬೇಕಾದೀತು. ಕೂಲಿಗಿಂತ ದಾರಿಖರ್ಚೇ ಹೆಚ್ಚಾದೀತು. ಸ್ವತಃ ಪಿಯಾನೋ ನುಡಿಸುತ್ತಿದ್ದ ಜಯಚಾಮರಾಜ ಒಡೆಯರಿಗೆ ಮೈಸೂರಿನ ಅರಮನೆಯಲ್ಲಿ ಈ ಲೆಕ್ಕ ತಲೆನೋವಾಗಿರಲಿಕ್ಕಿಲ್ಲ. ಬೆಳವಲದ ಪಿಯಾನೋ ಎಂದರೆ ಪೇಟಿಯೇ. ಅದರ ಲೆಕ್ಕ ಬೇರೆ.

ಪೇಟಿಯಲ್ಲಿ ತಂತಿ ಇಲ್ಲ, ಹಿತ್ತಾಳೆಯ ರೀಡು ಇದೆ. ತೆಳ್ಳನೆಯ ಒಂದು ನಾಲಿಗೆ, ಒಂದು ತುದಿಗೆ ಬಿಗಿದದ್ದು, ಇನ್ನೊಂದು ತುದಿ ಗಾಳಿಗೆ ಅದುರುವುದು. ಸ್ವರ ಏರಬೇಕಾದರೆ ಅದುರುವ ತುದಿಯಲ್ಲಿ ಕೂದಲೆಳೆಯಷ್ಟು ಹಿತ್ತಾಳೆ ಕೆರೆಯಬೇಕು. ತುದಿ ಹಗುರಾದಷ್ಟೂ ಬೇಗ ಅದುರುತ್ತದೆ. ಇಳಿಯಬೇಕಾದರೆ ಬುಡದಲ್ಲಿ ಕೆರೆಯಬೇಕು. ಬುಡ ಮೆತ್ತಗಾದಷ್ಟೂ ನಿಧಾನ. ಗುಜರಾತಿನ ಪಾಲಿತಾಣಾದಿಂದ ಬಂದ ರೀಡಾಗಲಿ, ಹಳೆಯ ಜರ್ಮನ್ ರೀಡಾಗಲಿ, ವಿದ್ಯೆ ಇದೇ. ಹೇಳುವುದಕ್ಕೆ ಎರಡು ವಾಕ್ಯ.

ಮಾಡುವಾಗ ಹೀಗೆ: ರೀಡು ಬಿಚ್ಚು, ಒಂದು ಎಳೆ ಕೆರೆ, ಕೂಡಿಸು, ತಿದಿ ಒತ್ತು, ಕೇಳು. ಸಾಲದು. ಮತ್ತೆ ಬಿಚ್ಚು. ಕೈಯಲ್ಲಿ ಹಿಡಿದು ಊದಿದಾಗ ಒಂದು ಸ್ವರ, ಪೆಟ್ಟಿಗೆಯೊಳಗೆ ಕೂತಾಗ ಇನ್ನೊಂದು. ಜೋಡಿ ರೀಡಿನ ಪೇಟಿಯಾದರೆ ಒಂದೊಂದು ಮನೆಗೂ ತಗ್ಗಿನ ಸ್ವರದ ಖರ್ಜದ್ದೊಂದು, ಅದರ ಮೇಲಿನ ನರದ್ದೊಂದು. ಎರಡೂ ಒಟ್ಟಿಗೆ ನುಡಿದಾಗ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನಾದ ತೂಗಾಡುತ್ತದೆ, ಅಂವ್ ಅಂವ್ ಎಂದು. ಆ ತೂಗಾಟ ನಿಧಾನವಾಗುತ್ತ ಬಂದು ಪೂರ್ತಿ ನಿಂತಾಗ ಕೂಡಿತು ಎಂದರ್ಥ. ಕಿವಿ ಅದನ್ನೇ ಹುಡುಕುತ್ತಿರುತ್ತದೆ. ಇದಕ್ಕೆ ಮೊದಲು ಎರಿಮಣ್ಣಿನ ಧೂಳು ಒರೆಸುವುದಿದೆ, ತಿದಿಯ ಮಡಿಕೆಯಲ್ಲಿ ಗಾಳಿ ಸೋರುವ ಕಡೆ ಚರ್ಮ ಅಂಟಿಸುವುದಿದೆ, ಮನೆಯ ಕೆಳಗಿನ ಸ್ಪ್ರಿಂಗ್ ನೋಡುವುದಿದೆ. ಗಾಳಿ ಸೋರುವ ಪೇಟಿಗೆ ಸ್ವರ ಕೂಡಿಸುವುದು ದಂಡದ ಕೆಲಸ.

ಒಂದು ಲೆಕ್ಕ ಹಾಕೋಣ. ಮೂರೂವರೆ ಸಪ್ತಕದ ಪೇಟಿಗೆ ನಲವತ್ತೆರಡು ಮನೆ. ಜೋಡಿ ರೀಡು ಎಂದರೆ ಎಂಬತ್ತನಾಲ್ಕು. ಎಲ್ಲವನ್ನೂ ಮುಟ್ಟಬೇಕೆಂದರೆ, ಒಂದಕ್ಕೆ ಹತ್ತು ನಿಮಿಷ ಹಿಡಿದರೂ ಹದಿನಾಲ್ಕು ತಾಸು. ಧೂಳು, ಚರ್ಮ, ಚಹಾ ಸೇರಿದರೆ ಎರಡು ದಿನ ದಾಟಿತು. ಅತ್ತ ಪಿಯಾನೋದವನಿಗೆ ಒಂದು ತಂತಿಗೆ ಅರ್ಧ ನಿಮಿಷದ ಮೇಲೆ ಹಿಡಿಯುವುದಿಲ್ಲ. ಕಾರಣ, ಅವನ ಕೈಯಲ್ಲಿರುವುದು ಮೊಳೆ ತಿರುಗಿಸುವ ಹಿಡಿಕೆ. ಹೆಚ್ಚಾಯಿತೇ, ಹಿಂದಕ್ಕೆ ತಿರುಗಿಸಿದ. ಅವನು ಕೆಡಿಸಿದರೂ ನಾಳೆ ಬರುವವನು ಸರಿಮಾಡುತ್ತಾನೆ, ತಂತಿಗೆ ಏನೂ ಆಗಿರುವುದಿಲ್ಲ. ರೀಡಿನ ಮಾತು ಹಾಗಲ್ಲ. ಕ್ಷೌರದಲ್ಲಿ ಹೆಚ್ಚು ಕತ್ತರಿಸಿದರೆ ತಿಂಗಳಲ್ಲಿ ಬೆಳೆಯುತ್ತದೆ, ಕೆರೆದ ಹಿತ್ತಾಳೆ ಬೆಳೆಯುವುದಿಲ್ಲ. ತುದಿಯಲ್ಲಿ ಹೆಚ್ಚು ಕೆರೆದವನು ಅದನ್ನು ಇಳಿಸಲು ಬುಡದಲ್ಲಿ ಕೆರೆಯುತ್ತಾನೆ, ಅಲ್ಲೂ ಹೆಚ್ಚಾದರೆ ಮತ್ತೆ ತುದಿ. ಅಂಥ ನಾಲ್ಕು ಟ್ಯೂನಿಂಗ್ ಕಂಡ ರೀಡು ಒಂದು ಶ್ರಾವಣದಲ್ಲಿ ಹಾಡಿನ ನಡುವೆ ಟಪ್ಪೆಂದು ಮುರಿಯುತ್ತದೆ.

ಆದ್ದರಿಂದ ಪೇಟಿಯ ವಿಷಯದಲ್ಲಿ ಅಗ್ಗದವನನ್ನು ಹುಡುಕುವುದು ಪಿಯಾನೋದ ವಿಷಯದಲ್ಲಿ ಹುಡುಕುವುದಕ್ಕಿಂತ ಅಪಾಯದ ಕೆಲಸ. ನನ್ನ ಲೆಕ್ಕ ಒರಟಾಗಿದೆ, ಆದರೂ ಹೇಳುತ್ತೇನೆ: ಪೂರ್ತಿ ಟ್ಯೂನಿಂಗಿಗೆ ಊರಿನಲ್ಲಿ ಆ ವರ್ಷ ಒಬ್ಬ ಒಳ್ಳೆಯ ಗೌಂಡಿಗೆ ಎರಡು ದಿನಕ್ಕೆ ಏನು ಪಗಾರ ಇದೆಯೋ ಅದಕ್ಕಿಂತ ಕೆಳಗೆ ಇಳಿಯಬಾರದು, ಸ್ವಲ್ಪ ಮೇಲೇ ಇರಬೇಕು. ಹೊಸ ರೀಡು, ಚರ್ಮ, ಸ್ಪ್ರಿಂಗ್ ಇವುಗಳ ಬೆಲೆ ಬೇರೆ. ಬಸ್ ಚಾರ್ಜು, ಊಟ ಬೇರೆ. ಐದಾರು ರೀಡಷ್ಟೇ ಕೆಟ್ಟಿದ್ದರೆ ಅರ್ಧ ದಿನದ ಕೂಲಿ ಸಾಕು, ಆದರೆ ಐದಾರೇ ಕೆಟ್ಟಿವೆ ಎಂದು ಹೇಳುವವರು ಮಾಸ್ತರರಾಗಿರಬೇಕು, ನಾವಲ್ಲ. ಗೌಂಡಿಗಿಂತ ಹೆಚ್ಚು ಏಕೆ ಎಂದು ಯಾರಾದರೂ ಕೇಳಿದರೆ, ಗೋಡೆ ಸೊಟ್ಟಗಾದರೆ ಓಣಿಯವರೆಲ್ಲ ಕಂಡುಹಿಡಿಯುತ್ತಾರೆ. ಗಂಧಾರ ಸೊಟ್ಟಗಾದರೆ ಊರಿನಲ್ಲಿ ಇಬ್ಬರಿಗೆ ಗೊತ್ತಾದೀತು. ಯಾರೂ ನೋಡದ ಕಡೆ ನೆಟ್ಟಗೆ ಕೆಲಸ ಮಾಡುವವನಿಗೆ ಸ್ವಲ್ಪ ಹೆಚ್ಚು ಸಲ್ಲಬೇಕು.

ಕಿವಿಗೆ ಬೆಲೆ ಕಟ್ಟಿದ ಒಂದು ಹಳೆಯ ಕಥೆ ಪ್ಯಾರಿಸಿನದು. ಕ್ಲೋಡ್ ಮೊಂತಾಲ್ ಎಂಬಾತ 1800ರಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವನು. ಲೂಯಿ ಬ್ರೈಲ್ ಕಲಿತು ಕಲಿಸಿದ ಅಂಧರ ಶಾಲೆಯಲ್ಲೇ ಓದಿದ. ಶಾಲೆಯ ಪಿಯಾನೋವನ್ನು ಒಬ್ಬ ಗೆಳೆಯನ ಜೊತೆ ಸೇರಿ ತಾನೇ ಟ್ಯೂನ್ ಮಾಡಲು ಹೋದಾಗ, ಆ ಕೆಲಸಕ್ಕೆ ಬರುತ್ತಿದ್ದ ಕಣ್ಣಿದ್ದವನು ದೂರು ಕೊಟ್ಟು ಅದನ್ನು ನಿಲ್ಲಿಸಿದ. ಹುಡುಗರು ಬಿಡಲಿಲ್ಲ. ಹಳೆಯ ಪಿಯಾನೋ ಒಂದನ್ನು ಬಿಚ್ಚಿ ಜೋಡಿಸಿ ಕಲಿತರು. ಶಾಲೆ ಬಿಟ್ಟು ಊರಲ್ಲಿ ಕಸುಬಿಗೆ ಇಳಿದಾಗ ಗಿರಾಕಿಗಳಿಗೆ ನಂಬಿಕೆ ಬರಲಿಲ್ಲ. ಕಣ್ಣಿಲ್ಲದವನು ನೂರಾರು ಮೊಳೆಗಳ ನಡುವೆ ಹೇಗೆ ಕೈಯಾಡಿಸುತ್ತಾನೆ? ಸಂಗೀತಗಾರರು ಕೇಳಿ ನೋಡಿ ಒಪ್ಪಿದ ಮೇಲೆ ಊರೇ ಒಪ್ಪಿತು. 1836ರಲ್ಲಿ ಪಿಯಾನೋ ಟ್ಯೂನಿಂಗಿನ ಮೇಲೆ ಪುಸ್ತಕವನ್ನೇ ಬರೆದ, ಅಂಧ ವಿದ್ಯಾರ್ಥಿಗಳಿಗೆ ಕಸುಬು ಕಲಿಸಿದ. ಆಮೇಲೆ ಯುರೋಪಿನ ಎಷ್ಟೋ ಅಂಧರ ಶಾಲೆಗಳಲ್ಲಿ ಇದು ಹೊಟ್ಟೆ ಹೊರೆಯುವ ವಿದ್ಯೆಯಾಯಿತು.

ಈ ಕಥೆ ಗದಗಿನವರಿಗೆ ದೂರದ್ದು ಅನಿಸಬಾರದು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದೆಯೇ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಅಂಧ ಮಕ್ಕಳಿಗೆ ಅನ್ನ ಹಾಕಿ ಸ್ವರ ಕಲಿಸಿದರೆಂಬುದು ಈ ಭಾಗದಲ್ಲಿ ಮನೆಮಾತು. ಆಶ್ರಮ ನಡೆಸಲು ನಾಟಕ ಕಂಪನಿ ಕಟ್ಟಿದರು. ಕಂಪನಿ ನಾಟಕ ಎಂದಮೇಲೆ ಕಾಲು ಪೇಟಿ ಇರಲೇಬೇಕು. 2010ರಲ್ಲಿ ತೀರಿಕೊಂಡ ಪುಟ್ಟರಾಜರಿಗೆ ಭಕ್ತರು ಮಾಡಿದ ತುಲಾಭಾರಗಳಿಗೆ ಲೆಕ್ಕವಿಲ್ಲ. ಊರೂರಲ್ಲಿ ತಕ್ಕಡಿಯಲ್ಲಿ ಕೂರಿಸಿ ನಾಣ್ಯದಿಂದ ತೂಗಿದರು, ಆ ದುಡ್ಡು ಆಶ್ರಮದ ಮಕ್ಕಳ ಊಟಕ್ಕೆ ಹೋಯಿತು. ಹಾಡುವವರನ್ನು ಹಾಗೆ ತೂಗಲು ಗೊತ್ತಿರುವ ನಮಗೆ ಅವರ ಪೇಟಿ ಕೂಡಿಸುವವನ ಎದುರು ಮಾತ್ರ ಜೇಬು ಸಣ್ಣದಾಗುವುದು ನನಗೆ ಇನ್ನೂ ಒಗಟೇ. ಈ ಕಸುಬಿನಲ್ಲಿ ಬದುಕುವಷ್ಟು ಕೂಲಿ ಸಿಗುವಂತಿದ್ದರೆ, ತರಬೇತಾದ ಕಿವಿಗೆ ಗದಗಿನಲ್ಲಿ ಬರವಿಲ್ಲ.

ದರದ ಮಾತಿಗಿಂತ ಮೊದಲು ಆಗಬೇಕಾದ ಮಾತೊಂದಿದೆ. ಒಳ್ಳೆಯ ಮಾಸ್ತರರು ಪೇಟಿ ಬಿಚ್ಚುವ ಮುನ್ನ ಕೇಳುತ್ತಾರೆ: “ಯಾರ್ ಹಾಡ್ತಾರ್ರೀ? ಯಾವ ಮನಿಗೆ ಸಾ?” ಇದು ಉಪಚಾರದ ಪ್ರಶ್ನೆಯಲ್ಲ. ಪೇಟಿ, ಪಿಯಾನೋಗಳಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಹಾಗೆ ಮಾಡಿದರೆ ಯಾವ ಮನೆಯನ್ನು ಸಾ ಮಾಡಿಕೊಂಡರೂ ನಡೆಯುತ್ತದೆ, ಆದರೆ ಯಾವುದೂ ತಂಬೂರಿಯ ಜೊತೆ ಪೂರ್ತಿ ಬೆರೆಯುವುದಿಲ್ಲ. ಹೆಚ್ಚು ನೋಯುವುದು ಗಂಧಾರ. ಒಂದು ಅರ್ಧಸ್ವರದ ಅಂತರವನ್ನು ನೂರು ಪಾಲು ಮಾಡಿದರೆ, ಅದು ಇರಬೇಕಾದ ಜಾಗಕ್ಕಿಂತ ಸುಮಾರು ಹದಿನಾಲ್ಕು ಪಾಲು ಮೇಲೆ ಕೂತಿರುತ್ತದೆ. ಆಕಾಶವಾಣಿಯವರು 1940ರ ಮಾರ್ಚಿನಲ್ಲಿ ಹಾರ್ಮೋನಿಯಂ ಅನ್ನು ಹೊರಗಟ್ಟಿ, ಮೂರು ದಶಕ ಬಾಗಿಲು ತೆರೆಯದಿದ್ದುದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಬೆರೆಯದ ಸ್ವರವೂ ಒಂದು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಬರುವುದಿಲ್ಲ ಎನ್ನುವುದು ಇನ್ನೊಂದು. ಒಬ್ಬರೇ ಗಾಯಕರು, ಒಂದೇ ಸಾ ಎಂದಾದರೆ ಆ ಸಾಗೆ ಹೊಂದಿಸಿ ಗಂಧಾರ ಟ್ಯೂನಿಂಗ್ ಮಾಡಿಕೊಡುತ್ತಾರೆ. ಕೇಳಲು ಸೊಗಸು, ಹೆಚ್ಚು ಹೊತ್ತಿನ ಕೆಲಸ, ಹೆಚ್ಚು ದುಡ್ಡು ಕೊಡಬೇಕಾದದ್ದೇ. ಭಜನಿ ಮಂಡಳಿಗೆ ಅದು ಬೇಡ. ಅಲ್ಲಿ ಶರೀಫರ ತತ್ವಪದ ಎತ್ತುವವರು ಕರಿ ಎರಡಕ್ಕೆ ಎತ್ತಿದರೆ ಅವರ ಪಕ್ಕದವರು ಬಿಳಿ ನಾಲ್ಕಕ್ಕೆ ಹೋಗುತ್ತಾರೆ, ಸಮಪಾಲೇ ಕ್ಷೇಮ. ಜಾತ್ರೆಯಲ್ಲಿ ಕೀಬೋರ್ಡಿನ ಜೊತೆ ನುಡಿಸುವುದಿದ್ದರೆ ಅದನ್ನೂ ಮೊದಲೇ ಹೇಳಬೇಕು, ಏಕೆಂದರೆ ಕೀಬೋರ್ಡು 440ಕ್ಕೆ ಕೂತಿರುತ್ತದೆ, ಹಳೆಯ ಪೇಟಿ ಎಲ್ಲಿ ಕೂತಿದೆಯೋ ಅದಕ್ಕೇ ಗೊತ್ತು. ಏನನ್ನೂ ಕೇಳದೆ ನೇರ ಅರ ತೆಗೆದವನಿಗೆ ಪೇಟಿ ಕೊಡಬೇಡಿ, ಬಿಟ್ಟಿ ಮಾಡಿಕೊಡುತ್ತೇನೆ ಎಂದರೂ.

ಈಗ ಹುಡುಗರು ಮೊಬೈಲ್ ಹಿಡಿದು ಬರುತ್ತಾರೆ. ಅದರಲ್ಲಿ ಸ್ವರ ತೋರಿಸುವ ಆ್ಯಪ್ ಇದೆ, ಮುಳ್ಳು ನಡುವೆ ನಿಂತರೆ ಸರಿ. ಬಳಸಲಿ, ಮಾಸ್ತರರೂ ಬಳಸುತ್ತಾರೆ. ಯಾವ ಮನೆ ಎಷ್ಟು ಕೆಟ್ಟಿದೆ ಎಂದು ಬರೆದಿಟ್ಟುಕೊಂಡರೆ ದರದ ಮಾತಿಗೆ ಒಂದು ಆಧಾರವೂ ಸಿಕ್ಕಿತು. ಆದರೆ ಮುಳ್ಳು ತೋರಿಸಿತೆಂದು ತಾವೇ ಬ್ಲೇಡು ಹಿಡಿದು ಕೆರೆಯಲು ಕೂತರೆ ಮುಂದಿನ ಖರ್ಚು ಟ್ಯೂನಿಂಗಿನದಲ್ಲ, ಹೊಸ ರೀಡಿನದು.

ಇನ್ನೊಂದು ಮಾತು ಹೊತ್ತಿನದು. ಶ್ರಾವಣದ ಹಿಂದಿನ ದಿನ ಕರೆದು ಸಂಜೆಯೊಳಗೆ ಬೇಕು ಎಂದರೆ ಯಾವ ಮಾಸ್ತರರೂ ಕೆಟ್ಟ ಕೆಲಸವನ್ನೇ ಮಾಡಬೇಕಾಗುತ್ತದೆ. ಕೆರೆದ ಹಿತ್ತಾಳೆ ಆ ಕೂಡಲೇ ನಿಲ್ಲುವುದಿಲ್ಲ. ನಾಲ್ಕು ದಿನ ನುಡಿಸಿದ ಮೇಲೆ ಅಲ್ಲೊಂದು ಇಲ್ಲೊಂದು ಮನೆ ಸ್ವಲ್ಪ ಸರಿದಿರುತ್ತದೆ. ಆಷಾಢದ ಆರಂಭದಲ್ಲೇ ಕರೆಯಿರಿ. ದರವನ್ನು ಹಲಗೆ ಬಿಚ್ಚುವ ಮೊದಲೇ ಬಾಯಿಬಿಟ್ಟು ಕೇಳಿ, ತಿಳಿದು ಕೊಡ್ರಿ ಎಂದರೆ ಒಪ್ಪಬೇಡಿ. ಮುಕ್ಕಾಲು ಪಾಲು ಅಂದೇ ಕೊಟ್ಟು, ಉಳಿದದ್ದನ್ನು ಎಂಟು ದಿನ ಬಿಟ್ಟು ಅವರು ಇನ್ನೊಮ್ಮೆ ಬಂದು ಸರಿದ ಮನೆಗಳನ್ನು ಕೂಡಿಸಿದ ಮೇಲೆ ಕೊಡಿ. ಆ ಎರಡನೇ ಸಲದ ಬಸ್ ಚಾರ್ಜು ಮಂಡಳಿಯದು.