ಮರೆವು ಮತ್ತು ಜೀವಸ್ವರೂಪ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ತುಂಬಿದವರ ಸ್ಮರಣಶಕ್ತಿಯ ಅಧ್ಯಯನವನ್ನು ಆರಂಭಿಸಿತು. ಮರೆವು ಕರ್ಮಫಲವಲ್ಲವೇ, ಪರೀಕ್ಷೆಯೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಹಸಿವೂ ಕರ್ಮಾಧೀನವೇ, ಅನ್ನವನ್ನು ಬಿಡುವೆವೇ?

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜ್ಞಾನವು ಜೀವಸ್ವರೂಪವೇ. ಮನಸ್ಸು ಭಗವಂತನಿತ್ತ ಕರಣ. ಕರಣವು ಮಂಕಾದೀತು, ಸ್ವರೂಪವು ಅಳಿಯದು. ಆದುದರಿಂದ ರಕ್ತದೊತ್ತಡ, ಮಧುಮೇಹಗಳನ್ನು ಹತೋಟಿಯಲ್ಲಿಟ್ಟು, ಶ್ರವಣ ಮನನಗಳಿಂದ ಕರಣವನ್ನು ಕಾಪಾಡಿಕೊಳ್ಳುವುದು ಧರ್ಮ. ಸಂಧ್ಯಾವಂದನೆಯ ಮಂತ್ರವನ್ನು ಮರೆತ ವೃದ್ಧರನ್ನು ಗದರದಿರುವುದೂ ಧರ್ಮವೇ. ಅಂಥವರನ್ನು ಕೈಹಿಡಿದು ಮುಳಬಾಗಿಲಿನ ಶ್ರೀಪಾದರಾಜರ ವೃಂದಾವನಕ್ಕೆ ಕರೆದೊಯ್ಯೋಣ. ಅವರ ಪರವಾಗಿ ನಾವೇ ಹರಿನಾಮವನ್ನು ಉಚ್ಚರಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥