ನೋವಿಗೆ ಎಷ್ಟು ಮಾರ್ಕ್ಸ್?

"ಮೇಡಂ, ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಿ."

ಆಪರೇಶನ್ ಆಗಿ ಐದಾರು ಗಂಟೆ ಕಳೆದಿತ್ತು. ಪಿತ್ತಕೋಶ ಇಲ್ಲದ ಬದುಕಿನ ಮೊದಲ ಸಂಜೆ. ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ಪಟ್ಟಿ, ಕೈಗೆ ಡ್ರಿಪ್ಪು, ಒಣಗಿದ ನಾಲಿಗೆ. ಸಣ್ಣಗೆ ಕೆಮ್ಮಿದರೂ ಪಕ್ಕೆಯೊಳಗೆ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ. ನಿಜ ಹೇಳೋದಾದರೆ ಏಳು. ನಾನು ಹೇಳಿದ್ದು, "ಮೂರು."

ಸಿಸ್ಟರ್ ಬರಕೊಂಡು ಹೋದರು. ಮೂರು ಅಂದವರಿಗೆ ಏನು ಕೊಡಬೇಕೋ ಅದನ್ನು ಕೊಟ್ಟರು. ನಾನು ರಾತ್ರಿಯೆಲ್ಲ ಸೀಲಿಂಗಿನ ಚೌಕಗಳನ್ನು ಎಣಿಸಿದೆ.

ಯಾಕೆ ಮೂರು ಅಂದೆ? ವಯಸ್ಸು, ತೂಕ, ಸಂಬಳದ ಬಗ್ಗೆ ಸುಳ್ಳು ಹೇಳೋಕೆ ಏನೋ ಒಂದು ಲಾಭ ಇರುತ್ತೆ. ನೋವು ಕಡಿಮೆ ಮಾಡೋದಕ್ಕೇ ಬಂದು ನಿಂತವರ ಹತ್ತಿರ ಸುಳ್ಳು ಹೇಳಿದರೆ ಏನು ಸಿಗುತ್ತೆ? ಆಮೇಲಿನ ಹದಿನೈದು ದಿನ ಮಲಗೋದು, ಏಳೋದು, ಹಾಲಿನಲ್ಲಿ ನಾಲ್ಕು ಹೆಜ್ಜೆ ನಡೆಯೋದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಈ ಪ್ರಶ್ನೆ ಜೊತೆಗೇ ಇತ್ತು.

ಈ ಸುಳ್ಳು ಆಸ್ಪತ್ರೆಯಲ್ಲಿ ಶುರುವಾದದ್ದಲ್ಲ. ಅದಕ್ಕೂ ಎಂಟು ತಿಂಗಳ ಹಿಂದಿನಿಂದ ನನಗೆ ಆಗಾಗ ರಾತ್ರಿ ಹೊತ್ತು ಬಲಪಕ್ಕೆಯ ಕೆಳಗೆ ಕಿವುಚುವಂಥ ನೋವು ಬರ್ತಿತ್ತು. ಬೆಣ್ಣೆ ದೋಸೆ ತಿಂದ ದಿನವಂತೂ ಗ್ಯಾರಂಟಿ. ನಮ್ಮೂರಲ್ಲಿ ಕುತ್ತಿಗೆಯಿಂದ ಸೊಂಟದವರೆಗಿನ ಎಲ್ಲ ನೋವಿಗೂ ಒಂದೇ ಹೆಸರು: ಗ್ಯಾಸ್ಟ್ರಿಕ್. ಓಮದ ನೀರು ಕುಡಿದೆ, ಸೋಡಾ ಕುಡಿದೆ, ಈನೋ ಕುಡಿದೆ. ಲ್ಯಾಪ್‌ಟಾಪಿನ ಮುಂದೆ ಪಕ್ಕೆ ಒತ್ತಿಕೊಂಡು ಕಾಲ್‌ಗಳಲ್ಲಿ ಕೂತೆ, ಕ್ಯಾಮೆರಾ ಆಫ್ ಮಾಡಿಕೊಂಡು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲುಗಳು ಕಂಡವು. "ಇಷ್ಟು ದಿನ ಹೇಗೆ ತಡಕೊಂಡ್ರಿ?" ಅಂದರು ಡಾಕ್ಟರು. ಅವರು ಕೇಳಿದ್ದು ಗಾಬರಿಯಿಂದ. ನನಗೆ ಕೇಳಿಸಿದ್ದು ಶಹಬಾಸ್‌ಗಿರಿ. ಒಳಗೊಳಗೇ ಖುಷಿಯೂ ಆಯ್ತು.

ಆಪರೇಶನ್ ವಿಷಯ ಆಫೀಸಿನಲ್ಲಿ ಹೇಳಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು. "ಓ, ಲ್ಯಾಪ್ರೋಸ್ಕೋಪಿ ತಾನೆ? ಈಗೆಲ್ಲ ಏನೂ ಅಲ್ಲ ಬಿಡು." ಅದು ತೀರಾ ಸುಳ್ಳೂ ಅಲ್ಲ. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬೂಖ್ ಮೊದಲ ಬಾರಿಗೆ ಪಿತ್ತಕೋಶ ತೆಗೆದ ಮೇಲೆ ನೂರು ವರ್ಷ ಈ ಆಪರೇಶನ್ ಅಂದರೆ ಹೊಟ್ಟೆಯ ಮೇಲೆ ಉದ್ದನೆಯ ಗಾಯ ಅಂತಲೇ ಅರ್ಥ. 1985ರಲ್ಲಿ ಎರಿಕ್ ಮ್ಯೂಹೆ ಎಂಬ ಇನ್ನೊಬ್ಬ ಜರ್ಮನ್ ಸರ್ಜನ್ ಸಣ್ಣ ರಂಧ್ರಗಳ ಮೂಲಕ ಅದನ್ನು ತೆಗೆದು ತೋರಿಸಿದರು. ಅವರ ದೇಶದ ಸರ್ಜನ್‌ಗಳೇ ಮೊದಲು ಅವರನ್ನು ಟೀಕಿಸಿದರು, ಮನ್ನಣೆ ಸಿಕ್ಕಿದ್ದು ವರ್ಷಗಳ ಮೇಲೆ. ಇವತ್ತು ನಾವು ಒಂದೆರಡು ದಿನದಲ್ಲಿ ಮನೆಗೆ ಬರೋದು ಆ ರಂಧ್ರಗಳ ಪುಣ್ಯ.

ಆದರೆ ಗಾಯ ಸಣ್ಣದಾದ ಮೇಲೆ ಒಂದು ವಿಚಿತ್ರ ಆಯ್ತು. ನೋವೂ ಅಷ್ಟೇ ಸಣ್ಣದಿರಬೇಕು ಅಂತ ಜನ ಲೆಕ್ಕ ಹಾಕತೊಡಗಿದರು. ಜನ ಯಾಕೆ, ನಾನೇ ಹಾಕಿದೆ. ಹೊರಗೆ ಒಂದೊಂದು ಸೆಂಟಿಮೀಟರಿನ ಗೀಟು ಇಟ್ಟುಕೊಂಡು ಏಳು ಅನ್ನೋಕೆ ನಾಚಿಕೆ ಆಯ್ತು. ಒಳಗೆ ಒಂದು ಇಡೀ ಅಂಗವನ್ನೇ ಬಿಡಿಸಿ ತೆಗೆದಿದ್ದಾರೆ ಅನ್ನೋದು ಹೊರಗೆ ಕಾಣಲ್ಲವಲ್ಲ.

ಮಾರನೇ ದಿನ ಬಲಭುಜ ನೋಯತೊಡಗಿತು. ಹೊಟ್ಟೆಗಿಂತ ಜೋರಾಗಿ. ಭುಜಕ್ಕೆ ಯಾರೂ ಕತ್ತರಿ ತಾಕಿಸಿಲ್ಲ. ಸರಿಯಾಗಿ ಮಲಗಿಲ್ಲವೇನೋ, ಇದು ನನ್ನ ಭ್ರಮೆಯೇನೋ ಅಂದುಕೊಂಡು ಅದನ್ನೂ ಹೇಳಲಿಲ್ಲ. ಮಧ್ಯಾಹ್ನದ ಪಾಳಿಗೆ ಬಂದ ಸಿಸ್ಟರ್ ಅವರಾಗಿಯೇ ಕೇಳಿದರು, "ಭುಜ ಎಳೀತಿದೆಯಾ ಮೇಡಂ?" ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ಯಾರೋ ನಂಬಿದರಲ್ಲ ಅಂತ.

ಆಪರೇಶನ್ ವೇಳೆ ಒಳಗೆ ಜಾಗ ಮಾಡಿಕೊಳ್ಳೋಕೆ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಆಮೇಲೆ ಹೊರಗೆ ಬಿಟ್ಟರೂ ಸ್ವಲ್ಪ ಉಳಿದು, ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆರಳಿಸುತ್ತೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಭುಜದ ಚರ್ಮದ ಸುದ್ದಿ ತರುವ ನರಗಳೂ ಹೆಚ್ಚುಕಮ್ಮಿ ಅಲ್ಲಿಗೇ ಬಂದು ಸೇರುತ್ತವೆ. ಮೆದುಳಿಗೆ ವಿಳಾಸ ತಪ್ಪುತ್ತೆ. ಹೊಟ್ಟೆಯ ತಕರಾರು ಭುಜದ ಹೆಸರಲ್ಲಿ ದಾಖಲಾಗುತ್ತೆ. ಎದ್ದು ಓಡಾಡುತ್ತಿದ್ದರೆ ಎರಡು ಮೂರು ದಿನದಲ್ಲಿ ಇಳಿಯುತ್ತೆ. ನನಗೂ ಇಳಿಯಿತು.

ಗಾಯವೇ ಇಲ್ಲದ ಕಡೆ ನಿಜವಾದ ನೋವು ಇರಬಹುದು. ಇದು ಗೊತ್ತಾದ ಮೇಲೆ ನನ್ನ ಹಳೇ ಲೆಕ್ಕವೆಲ್ಲ ಅಲ್ಲಾಡಿತು. ಗಾಯ ನೋಡಿ ನೋವು ಅಳೆಯುವ ಹಾಗಿಲ್ಲ ಅಂದರೆ ಏನು ನೋಡಿ ಅಳೆಯೋದು? ನೋವಿರುವವರ ಮಾತು ಬಿಟ್ಟರೆ ಬೇರೆ ಏನಿದೆ? ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 1979ರ ತನ್ನ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿದಾಗ ಜೊತೆಗೊಂದು ಟಿಪ್ಪಣಿ ಸೇರಿಸಿತು. ಒಬ್ಬರು ನೋವಾಗುತ್ತಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಅಂತ. ವೈದ್ಯರು ಇಷ್ಟು ಸರಳ ವಿಷಯವನ್ನು ಬರೆದಿಡಬೇಕಾಯ್ತು ಅಂದರೆ, ಅದು ಸರಳ ಅಲ್ಲ ಅಂತಲೇ ಅರ್ಥ.

ವಿಟ್‌ಗೆನ್‌ಸ್ಟೈನ್ ಒಂದು ಕಡೆ ಡಬ್ಬಿಯ ಉದಾಹರಣೆ ಕೊಡುತ್ತಾನೆ. ಎಲ್ಲರ ಹತ್ತಿರವೂ ಒಂದೊಂದು ಡಬ್ಬಿ. ಒಳಗಿರೋದನ್ನು ಎಲ್ಲರೂ ಜೀರುಂಡೆ ಅಂತಾರೆ. ಆದರೆ ಒಬ್ಬರ ಡಬ್ಬಿಯೊಳಗೆ ಇನ್ನೊಬ್ಬರು ಇಣುಕುವ ಹಾಗಿಲ್ಲ. ಅವನು ಹೇಳಹೊರಟಿದ್ದು ಭಾಷೆಯ ಬಗ್ಗೆ. ಹಾಸಿಗೆ ಹಿಡಿದ ನನಗೆ ಹೊಳೆದದ್ದು ಬೇರೆ. ಡಬ್ಬಿಯನ್ನು ನಾನಾಗಿ ತೆರೆದು ತೋರಿಸೋಕೆ ಆಗಲ್ಲ, ಸರಿ. ಖಾಲಿ ಅಂತ ಸುಳ್ಳು ಹೇಳದೇ ಇರೋದಂತೂ ನನ್ನ ಕೈಯಲ್ಲಿದೆ.

ಸುಳ್ಳಿನ ಬಿಲ್ಲು ಮನೆಗೆ ಬಂದ ಮೇಲೆ ಒಂದೊಂದಾಗಿ ಬಂತು. ಮೊದಲನೆಯದು ಗಂಡನಿಗೆ. "ನೋವಿದೆಯಾ?" ಅಂದ. "ಇಲ್ಲ, ಪರವಾಗಿಲ್ಲ" ಅಂದೆ. ಅವನು ನಂಬಿ ಮಲಗಿದ. ಗೊರಕೆ ಹೊಡೆದ. ನಾನು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಒಬ್ಬಳೇ ಎದ್ದು ಬಾತ್‌ರೂಮಿಗೆ ಹೋಗಿಬಂದೆ. ಬೆಳಗ್ಗೆ ಅವನ ಮೇಲೆ ಹರಿಹಾಯ್ದೆ. ಪಿತ್ತಕೋಶ ತೆಗೆಸಿದ ಮೇಲೂ ಪಿತ್ತ ನೆತ್ತಿಗೇರುತ್ತೆ ಅನ್ನೋದು ಆವತ್ತು ಖಾತ್ರಿಯಾಯ್ತು. ಅವನು ಪೆಚ್ಚಾಗಿ, "ನೀನೇ ಇಲ್ಲ ಅಂದ್ಯಲ್ಲ" ಅಂದ. ಉತ್ತರ ಇರಲಿಲ್ಲ. ನಾವು ಸುಳ್ಳೂ ಹೇಳ್ತೀವಿ, ಅದನ್ನು ಎದುರಿನವರು ನಂಬಬಾರದು ಅಂತಲೂ ಬಯಸ್ತೀವಿ. ನಂಬಿದರೆ ಅವರಿಗೆ ಪ್ರೀತಿ ಇಲ್ಲ ಅಂತ ತೀರ್ಪು ಕೊಡ್ತೀವಿ. ಇದು ಸಹನೆಯಾ? ಹೇಳದೇ ಇಟ್ಟ ಪರೀಕ್ಷೆ ಅಷ್ಟೇ.

ಎರಡನೆಯದು ಅಮ್ಮ. ನನ್ನನ್ನು ನೋಡಿಕೊಳ್ಳೋಕೆ ಹಾಸನದಿಂದ ಬಂದಿದ್ದಳು. ಅಮ್ಮನಿಗೂ 1996ರಲ್ಲಿ ಇದೇ ಆಪರೇಶನ್ ಆಗಿತ್ತು, ಹಳೇ ವಿಧಾನದಲ್ಲಿ. ಬಲಪಕ್ಕೆಯ ಕೆಳಗೆ ಒಂದು ಗೇಣಿನ ಓರೆ ಗೀಟು ಈಗಲೂ ಇದೆ. ಹನ್ನೆರಡನೇ ದಿನಕ್ಕೆ ಕೊಟ್ಟಿಗೆಗೆ ಇಳಿದು ಹಾಲು ಕರೆದಳು ಅನ್ನೋದು ನಮ್ಮ ಮನೆಯ ಪುರಾಣ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಧೈರ್ಯ ಅಂದರೆ ಅದು ಅಂತ ಆಗಲೇ ತೀರ್ಮಾನಿಸಿದ್ದೆ.

ಒಂದು ರಾತ್ರಿ ಗಂಜಿ ಕೊಡುತ್ತಾ ಅಮ್ಮ ಕೇಳಿದಳು, "ತುಂಬ ನೋಯುತ್ತೇನೇ?"

"ನಿನಗಾದಷ್ಟಿಲ್ಲ ಬಿಡಮ್ಮ. ನೀನು ಹನ್ನೆರಡನೇ ದಿನಕ್ಕೇ ಹಾಲು ಕರೆದೋಳು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕರೆಯದೆ ಏನು ಮಾಡ್ಲಿ? ನಿಮ್ಮಜ್ಜಿ ಏಳು ಹೆತ್ತೋರು, ಒಂದು ದಿನ ಹಾ ಅಂದೋರಲ್ಲ. ಅವರೆದುರು ನಾನು ಹಾ ಅನ್ನೋದು ಹೇಗೆ? ಬಚ್ಚಲುಮನೇಲಿ ಟವಲ್ ಕಚ್ಕೊಂಡು ಅಳ್ತಿದ್ದೆ. ಒಲೆಗೆ ಸೌದೆ ಇಡೋ ನೆಪ ಮಾಡ್ಕೊಂಡು."

ಇಪ್ಪತ್ತೈದು ವರ್ಷಕ್ಕೂ ಮೇಲಾಗಿತ್ತು. ನಾನು ಇದನ್ನು ಕೇಳುತ್ತಿದ್ದದ್ದು ಮೊದಲ ಸಲ. ಅಜ್ಜಿಯೂ ಎಲ್ಲೋ ಟವಲ್ ಕಚ್ಚಿರಬೇಕು. ಅಜ್ಜಿಯ ಮೌನ ಅಮ್ಮನಿಗೆ ಅಳತೆಗೋಲಾಯಿತು, ಅಮ್ಮನದು ನನಗೆ. ಹಾಗಾದರೆ ನನ್ನದು ಯಾರಿಗೆ?

ಇದೇ ಮೂರನೆಯ ಬಿಲ್ಲು. ಬರೆಯೋಕೆ ಕಷ್ಟವಾದದ್ದೂ ಇದೇ. ನನ್ನ ಟೀಮಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಪ್ರತಿ ತಿಂಗಳು ಒಂದು ದಿನ ಬೆಳಗ್ಗೆ ಮೆಸೇಜ್ ಬರುತ್ತೆ, ಮುಟ್ಟಿನ ನೋವು, ಇವತ್ತು ಆಗಲ್ಲ ಅಂತ. ನಾನೂ ಹೆಂಗಸೇ. ಹದಿನೈದು ವರ್ಷ ಮಾತ್ರೆ ನುಂಗಿ, ಬಿಸಿನೀರಿನ ಬ್ಯಾಗ್ ಮಡಿಲಲ್ಲಿಟ್ಟುಕೊಂಡು ಕೆಲಸ ಮಾಡಿದವಳು. ಒಮ್ಮೆ ರಿಲೀಸ್ ಹತ್ತಿರ ಇದ್ದಾಗ ಅವಳಿಗೆ ಹೇಳಿದೆ, "ನನಗೂ ಆಗುತ್ತಲ್ಲ, ನಾನು ಬರಲ್ವಾ?" ಅವಳು ಬಂದಳು. ಬಿಳಿಚಿಕೊಂಡ ಮುಖದಲ್ಲಿ ಸಂಜೆವರೆಗೆ ಕೂತಳು. 2025ರಲ್ಲಿ ನಮ್ಮ ರಾಜ್ಯದ ಸಂಪುಟ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿದಾಗ ಗೆಳತಿಯರ ಗ್ರೂಪಿನಲ್ಲಿ "ಎಲ್ಲ ಮಿಸ್‌ಯೂಸ್ ಆಗುತ್ತೆ ನೋಡಿ" ಅಂತ ಬರೆದವಳೂ ನಾನೇ.

ಈಗ ಅನ್ನಿಸುತ್ತೆ, ಅದು ಶಿಸ್ತಿನ ಕಾಳಜಿ ಅಲ್ಲ, ಹೊಟ್ಟೆಕಿಚ್ಚು. ನನಗೆ ಯಾರೂ ಕೊಡದೇ ಇದ್ದದ್ದನ್ನು ಅವಳು ಕೇಳಿ ಪಡೀತಿದ್ದಾಳಲ್ಲ ಅಂತ. ನುಂಗಿದ ನೋವು ಕರಗಿ ಹೋಗಲ್ಲ. ಅದೂ ಕಲ್ಲಾಗುತ್ತೆ, ಆಮೇಲೆ ನಾವು ಅದನ್ನು ನಮಗಿಂತ ಚಿಕ್ಕವರ ಮೇಲೆ ಎಸೀತೀವಿ.

ಹಾಗಂತ ಎಲ್ಲರೂ ಎಲ್ಲ ಹೊತ್ತಿನಲ್ಲೂ ನೋವು ಹೇಳುತ್ತಾ ಕೂರಬೇಕಾ? ಇಲ್ಲಿ ಎರಡು ಮಾತು ಒಪ್ಪಬೇಕು. ಒಂದು, ಹೆಚ್ಚು ಮಾಡಿ ಹೇಳುವವರೂ ಇದ್ದಾರೆ. ಇರಲಿ. ಸುಳ್ಳು ಹೇಳಿದ ಒಬ್ಬರಿಗೆ ಒಂದು ದಿನ ರಜೆ ಹೋದರೆ ಆಗುವ ನಷ್ಟ, ನಿಜ ಹೇಳಿದವರನ್ನು ನಂಬದೇ ಹೋದಾಗ ಆಗುವ ನಷ್ಟಕ್ಕಿಂತ ಚಿಕ್ಕದು ಅಂತಲೇ ನನ್ನ ಲೆಕ್ಕ. ಎರಡು, ನೋವು ಹೇಳಿಕೊಳ್ಳೋದೂ ಒಂದು ಸೌಲಭ್ಯ. ನನಗೆ ಇನ್ಶೂರೆನ್ಸ್ ಇತ್ತು, ಎರಡು ವಾರ ರಜೆ ಇತ್ತು. ನಮ್ಮ ಬಾಗಿಲಿಗೆ ಊಟ ತಂದುಕೊಡುವ ಹುಡುಗ ಪಕ್ಕೆ ನೋವು ಅಂತ ಮಲಗಿದರೆ ಆವತ್ತಿನ ದುಡಿಮೆ ಇಲ್ಲ. ಅವನು "ಪರವಾಗಿಲ್ಲ" ಅಂದರೆ ಅದು ನನ್ನ "ಮೂರು" ಅಲ್ಲ. ಅವನಿಗೆ ಸತ್ಯ ಹೇಳು ಅಂತ ಉಪದೇಶ ಮಾಡೋ ಮೊದಲು, ಹೇಳಿದರೆ ಹೊಟ್ಟೆಗೆ ಹೊಡೆತ ಬೀಳದ ಹಾಗೆ ಆಗಬೇಕು. ಸತ್ಯ ಹೇಳಲು ಅವಕಾಶ ಇರುವ ನಮ್ಮಂಥವರೇ ಹೇಳದಿದ್ದರೆ, ಆ ದಾರಿ ಯಾರಿಗೂ ತೆರೆಯಲ್ಲ.

ಇಷ್ಟಕ್ಕೂ ಅದು ಬರೀ ನನ್ನ ಸ್ವಂತ ವಿಷಯವೂ ಆಗಿರಲಿಲ್ಲ. ಇಂಥ ಆಪರೇಶನ್ ಆದ ಮೇಲೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರಿದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಒಳಗೆ ಪಿತ್ತರಸ ಸೋರುತ್ತಿರಬಹುದು, ಸೋಂಕಾಗಿರಬಹುದು. ಡಾಕ್ಟರಿಗೆ ಕೂಡಲೇ ಗೊತ್ತಾಗಬೇಕು. ನೋವಿನ ಭಯಕ್ಕೆ ಆಳವಾಗಿ ಉಸಿರಾಡದೆ, ನಡೆಯದೆ ಬಿದ್ದಿದ್ದರೆ ಅದರಿಂದಲೂ ತೊಂದರೆ. ಮೊದಲ ದಿನವೇ ಮೂರು ಅಂತ ಬರೆಸಿದವಳ ನೋವು ಮಾರನೇ ದಿನ ಇಳಿದಿದೆಯೋ ಏರಿದೆಯೋ ಅಂತ ಯಾರು ಹೇಗೆ ಹೇಳಬೇಕು? ಸಿಸ್ಟರ್ ಕೇಳಿದ್ದು ನನ್ನ ಧೈರ್ಯದ ಮಾರ್ಕ್ಸ್ ಅಲ್ಲ. ಅವರ ಕೆಲಸಕ್ಕೆ ಬೇಕಾದ ಒಂದು ಮಾಹಿತಿ. ನಾನು ಅದನ್ನು ಪರೀಕ್ಷೆ ಅಂದುಕೊಂಡು ಪಾಸಾಗೋಕೆ ನೋಡಿದೆ.

ಮೂರನೇ ವಾರ ಆಫೀಸಿಗೆ ಹೋದೆ. ಬ್ಯಾಗು ಹೊರುವ ಹಾಗಿರಲಿಲ್ಲ, ಗಂಡನೇ ತಂದುಕೊಟ್ಟ. ಡಬ್ಬಿಯಲ್ಲಿ ಎಣ್ಣೆ ಕಡಿಮೆ ಹಾಕಿದ ಪಲ್ಯ. ಮಧ್ಯಾಹ್ನ ಆ ಹುಡುಗಿಯನ್ನು ಕರೆದು, ಆವತ್ತು ನಾನು ಹಾಗೆ ಹೇಳಬಾರದಿತ್ತು, ತಪ್ಪಾಯ್ತು ಅಂದೆ. ಅವಳು ತಕ್ಷಣ, "ಅಯ್ಯೋ ಪರವಾಗಿಲ್ಲ" ಅಂದಳು. ಆ ಪರವಾಗಿಲ್ಲದ ಅರ್ಥ ನನಗೆ ಚೆನ್ನಾಗಿ ಗೊತ್ತು. ನಾನು ಕಾದೆ. ಸ್ವಲ್ಪ ಹೊತ್ತಾದ ಮೇಲೆ ಅವಳು, "ತುಂಬ ಬೇಜಾರಾಗಿತ್ತು. ಬೇರೆಯವರು ಅಂದಿದ್ರೆ ಇಷ್ಟು ಅನ್ಸ್ತಿರಲಿಲ್ಲ" ಅಂದಳು. ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ವಾರಾಂತ್ಯ ಅಮ್ಮ ಊರಿಗೆ ಹೊರಟಳು. ಬ್ಯಾಗಿಗೆ ಬಟ್ಟೆ ತುಂಬುವಾಗ ನೆಲದಿಂದ ಏಳೋಕೆ ಮಂಚ ಹಿಡಕೊಂಡಳು. ಮಂಡಿ ನೋವು ಇದೆ ಅಂತ ಗೊತ್ತಿತ್ತು. ಎಷ್ಟು ಅಂತ ಯಾವತ್ತೂ ಕೇಳಿರಲಿಲ್ಲ.

"ಅಮ್ಮ, ಸೊನ್ನೆಯಿಂದ ಹತ್ತರೊಳಗೆ ಎಷ್ಟು?"

"ಏನು ಎಷ್ಟು?"

"ಮಂಡಿ."

"ವಯಸ್ಸಾಯ್ತಲ್ಲ, ಅದೇನು..." ಅಂತ ಶುರು ಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಸೀರೆ ಮಡಿಸುತ್ತಾ, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ ಅಂದಳು, "ಮೆಟ್ಟಿಲು ಹತ್ತುವಾಗ ಎಂಟು."

ಸೋಮವಾರದ ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿದೆ. ಮಂಗಳವಾರ ಮೂಳೆ ಡಾಕ್ಟರ ಹತ್ತಿರ ಕರಕೊಂಡು ಹೋದೆ.